ಕಹಿ ಬಳ್ಳಿಯೊಳಗಿನ ಸಿಹಿ

ಫೆಬ್ರವರಿ ಮೂವತ್ತು, 2417
ಹಿನ್ನೀರತಳ

ನನ್ನ ಮುತ್ತಜ್ಜಿಯ ಮುತ್ತಜ್ಜಿಗೂ ಹಿರಿಯರಾದ ನಿಮಗೆ ತಾಯವ್ವ ಮಾಡುವ ಶರಣು.

ತಾರೀಖು ನೋಡಿ ನಗಬೇಡಿ. ನಿಮ್ಮ ಫೆಬ್ರವರಿಗೆ ಮೂವತ್ತನೇ ದಿನ ಇರಲಿಲ್ಲವಂತೆ, ನಾವು ಕೊಟ್ಟಿದ್ದೇವೆ. ನನ್ನ ಕೆಲವು ಮಾತು ವಿಚಿತ್ರವೆನಿಸಿದರೆ ಹೊಟ್ಟೆಗೆ ಹಾಕಿಕೊಳ್ಳಿ. ನೀವು ತುಂಗಭದ್ರೆಯ ಹಿನ್ನೀರು ಎನ್ನುತ್ತಿದ್ದ ಜಾಗದ ತಳದಲ್ಲಿ ಈಗ ನಮ್ಮ ಊರಿದೆ. ಈ ಹೂಳಿನಲ್ಲಿ ಕೈಬಿಡದೆ ಬರುವ ಬೆಳೆ ಸೋರೆಯೊಂದೇ. ಅದನ್ನೇ ಪಲ್ಯ ಮಾಡುತ್ತೇವೆ, ಹೋಳು ಒಣಗಿಸಿ ಬೇಸಿಗೆಗೆ ಇಡುತ್ತೇವೆ, ಬೀಜ ಹುರಿದು ಚಟ್ನಿ ಅರೆಯುತ್ತೇವೆ. ನೀರು ಹೊರಲು ಬುರುಡೆ ಸೋರೆಯನ್ನು ಬೇರೆಯಾಗಿ ಬೆಳೆಯುತ್ತೇವೆ; ಅದರ ತೊಗಟೆ ಗಟ್ಟಿ, ತಿರುಳು ಕಹಿ, ತಿಂದರೆ ವಿಷ. ತೋಟದ ಬಾಗಿಲಲ್ಲಿ ನಾಲಿಗೆಗಟ್ಟೆ ಎಂಬ ಕಲ್ಲಿದೆ. ಹೊರಗಿನಿಂದ ತಂದ ಬೀಜದ ಬಳ್ಳಿಯಾದರೆ, ಮೊದಲ ಕಾಯಿಯನ್ನು ಮನೆಯ ಹೆಂಗಸು ಅಲ್ಲಿ ಕೂತು ನಾಲಿಗೆಗೆ ಹಚ್ಚಿ ಉಗುಳಬೇಕು. ಕಹಿ ಕಂಡರೆ ಬಳ್ಳಿಯನ್ನು ಬೇರುಸಮೇತ ಕಿತ್ತು ಸುಡುತ್ತಾರೆ. ಊರಿನ ಸಿಹಿ ಕಾಯಿಯ ಬೀಜಕ್ಕೆ ಮಾತ್ರ ಈ ಪರೀಕ್ಷೆ ಇರಲಿಲ್ಲ. ತಾಯಿ ಸಿಹಿಯಾದರೆ ಮಗಳೂ ಸಿಹಿ ಎಂದುಕೊಂಡಿದ್ದೆವು. ತಂದೆ ಯಾರೆಂದು ಒಬ್ಬರೂ ಕೇಳಲಿಲ್ಲ. ಮನುಷ್ಯರಲ್ಲಾದರೆ ಮೊದಲು ಕೇಳುವುದೇ ಅದನ್ನು!

ಒಂದು ವರ್ಷ ಬುರುಡೆ ತೋಟವನ್ನು ಊರ ಹತ್ತಿರಕ್ಕೆ ತಂದೆವು. ಸೋರೆ ಹೂವು ಸಂಜೆ ಅರಳುತ್ತದೆ. ಪತಂಗಗಳು ಬುರುಡೆಯ ಪರಾಗವನ್ನು ನಮ್ಮ ಹೂಗಳಿಗೆ ತಂದವು. ಆ ವರ್ಷದ ಕಾಯಿ ಸಿಹಿಯಾಗಿಯೇ ಇತ್ತು. ಅದರ ಬೀಜ ಬಿತ್ತಿದ ಮರುವರ್ಷ, ನನ್ನ ಮೈದುನನ ಹೆಂಡತಿ ಫಕೀರವ್ವ ಜ್ವರ ಬಂದ ಮಗಳು ಪಾರಿಗೆ ಹೊಸ ಸೋರೆಯ ರಸ ಹಿಂಡಿ ಕೊಟ್ಟಳು. ಕಹಿ ಎಂದು ಕೂಸು ಅತ್ತಿತು. ಔಷಧಿ ಎಂದಮೇಲೆ ಕಹಿ ಇದ್ದೇ ಇರುತ್ತದೆಂದು ಮೂಗು ಹಿಡಿದು ಕುಡಿಸಿದಳು. ಪಾರಿ ಉಳಿಯಲಿಲ್ಲ.

ಆಮೇಲೆ ನೋಡಿದರೆ ಊರಿನ ಬಳ್ಳಿಯೆಲ್ಲ ಕಹಿ. ಹಳೆಯ ಬೀಜ ಒಂದೂ ಉಳಿದಿರಲಿಲ್ಲ. ಎಲ್ಲವನ್ನೂ ಸುಡಿ, ಇನ್ನು ಸೋರೆ ತಿನ್ನುವುದೇ ಬೇಡ ಎಂದರು ಹಿರಿಯರು. ತಿನ್ನುವುದೇನನ್ನು ಎಂದು ಯಾರೂ ಹೇಳಲಿಲ್ಲ. ಒಂದು ಬಳ್ಳಿ ಬಿಡಿ ಎಂದು ನಾನು ಕೈಮುಗಿದೆ. ನಿಮ್ಮ ಕಾಲದ ಪುಸ್ತಕವೊಂದರಲ್ಲಿ ಎಂದೋ ಓದಿದ್ದು ಆಗ ನೆನಪಾಗಿತ್ತು. ಇವು ತಾಯಿಯಿಂದ ಸಿಹಿ, ತಂದೆಯಿಂದ ಕಹಿ ಎರಡನ್ನೂ ಪಡೆದಿವೆ. ಮುಂದೆ ಬಂದು ನಿಲ್ಲುವ ಕಹಿ ಮುಂಗುಣ, ಹಿಂದೆ ಅಡಗಿ ಕೂತ ಸಿಹಿ ಹಿಂಗುಣ. ಕಾಣದಿದ್ದರೂ ಅದು ಸತ್ತಿಲ್ಲ. ಬಳ್ಳಿಯ ಪರಾಗವನ್ನು ಅದರದೇ ಹೂವಿಗೆ ಮುಟ್ಟಿಸಿದರೆ, ಮರಿಗಳಲ್ಲಿ ನಾಲ್ಕಕ್ಕೊಂದರಂತೆ ಎರಡೂ ಕಡೆಯಿಂದ ಸಿಹಿಯೇ ಬಂದು ಸೇರುತ್ತದೆ. ಹೀಗೆಂದು ಎಷ್ಟು ಹೇಳಿದರೂ ಯಾರೂ ಕಿವಿಗೊಡಲಿಲ್ಲ. ಕೊನೆಗೆ ಎಲ್ಲರೂ ಫಕೀರವ್ವನ ಕಡೆ ನೋಡಿದರು. ಅವಳು ಬೇಡ ಎಂದಿದ್ದರೆ ನಾನೂ ಸುಮ್ಮನಾಗುತ್ತಿದ್ದೆ.

“ಉಳೀಲಿ ಬಿಡಕ್ಕ. ಅದರ ಮರಿ ಕಾಯಿ ನಾನ ನಾಲಿಗಿಗೆ ಹಚ್ಚತೀನಿ” ಎಂದಳು.

ಆ ಬಳ್ಳಿಯ ಹೆಣ್ಣುಹೂಗಳಿಗೆ ಅದರದೇ ಪರಾಗ ಮುಟ್ಟಿಸಿ, ಪತಂಗ ಸೋಕದಂತೆ ಬಟ್ಟೆ ಕಟ್ಟಿ ಕಾದೆ. ಮರುವರ್ಷ ಅದರ ಮರಿಗಳು ಕಾಯಿ ಬಿಟ್ಟಾಗ ಫಕೀರವ್ವ ಕಟ್ಟೆಯ ಮೇಲೆ ಕೂತಳು. ಹಚ್ಚಿದಳು, ಉಗುಳಿದಳು. ಬಳ್ಳಿಯ ಮೇಲೆ ಬಳ್ಳಿ ಬೆಂಕಿಗೆ ಹೋಯಿತು. ಆಮೇಲೊಂದು ಹೋಳನ್ನು ಅವಳು ಉಗುಳಲಿಲ್ಲ. ಅಗಿದಳು, ನುಂಗಿದಳು, ಸೆರಗಿನಲ್ಲಿ ಮುಖ ಮುಚ್ಚಿ ಅತ್ತಳು. ಅಂಥ ಬಳ್ಳಿ ಇನ್ನೂ ಕೆಲವು ಸಿಕ್ಕವು. ಸಿಹಿಗೆ ಸಿಹಿ ಕೂಡಿಸಿದ ಮೇಲೆ ಅವುಗಳಲ್ಲಿ ಕಹಿ ಮತ್ತೆ ಹುಟ್ಟಿಲ್ಲ. ಊರು ಈಗ ಅದನ್ನೇ ಉಣ್ಣುತ್ತಿದೆ. ಫಕೀರವ್ವ ಮಾತ್ರ ಅಂದು ನುಂಗಿದ ತುತ್ತೇ ಕೊನೆ, ಮತ್ತೆ ಸೋರೆ ಮುಟ್ಟಿಲ್ಲ.

ಈ ಕಾಗದ ಬರೆಯಲು ಹೇಳಿದವಳು ಅವಳೇ. ಬೀಜ, ಬಳ್ಳಿಯ ವಿಚಾರ ನಿಮಗೆ ತಿಳಿದೇ ಇರುತ್ತದೆ, ಅದನ್ನು ಬಿಡು, ಇದೊಂದನ್ನು ಬರೆ ಎಂದಳು: ಮಕ್ಕಳು ಕಹಿ ಎಂದು ಅತ್ತರೆ, ದಯವಿಟ್ಟು ನಂಬಿ.