ಈ ಮನೆಯ ಎರಡನೇ ರಾಜೀವಿ

ಅತ್ತೆಗೆ,

ಇವತ್ತು ಬೆಳಿಗ್ಗೆ ಪೋಸ್ಟಿನವರು ಪಾರ್ಸೆಲ್ ಹಿಡಿದುಕೊಂಡು ಅಂಗಳಕ್ಕೆ ಬಂದು, "ರಾಜೀವಿ ಇದ್ದಾರಾ?" ಎಂದು ಕೇಳಿದರು. ನಿಮ್ಮ ಮಗ ಜಗಲಿಯಿಂದಲೇ, "ಅಮ್ಮ ತೀರಿಹೋಗಿ ವರ್ಷ ಆಯ್ತು ಮಾರಾಯ್ರೆ, ವಾಪಸ್ ಕಳಿಸಿ" ಎಂದರು.

ಹೆಂಡತಿಯ ಹೆಸರೂ ಅದೇ ಎಂಬುದು ಅವರಿಗೆ ನೆನಪೇ ಆಗಲಿಲ್ಲ. ಅವರನ್ನು ಬೈದು ಏನು ಪ್ರಯೋಜನ? ಮದುವೆಯಾಗಿ ಬಂದ ದಿನವೇ, "ಒಂದು ಮನೆಗೆ ಎರಡು ರಾಜೀವಿ ಎಂತಕ್ಕೆ? ನೀನು ನಳಿನಿ. ಎರಡೂ ತಾವರೆಯೇ ಅಲ್ವಾ?" ಎಂದು ನನ್ನ ಹೆಸರು ಬದಲಿಸಿದವರು ನೀವು.

ನಾನು ನನ್ನ ಹುಟ್ಟುಹೆಸರಿನಲ್ಲಿ ತರಿಸಿದ ಮಿಕ್ಸಿ ಜಾರು ಅದು. ಮೊದಲು ಹಾವೇರಿ ಜಿಲ್ಲೆಯ ಸವಣೂರಿಗೆ ಹೋಗಿ, ಅಲ್ಲಿಂದ ನಮ್ಮ ಸವಣೂರಿಗೆ ಬಂದದ್ದಂತೆ. ನೋಡಿ ಅತ್ತೆ, ಒಂದೇ ರಾಜ್ಯದಲ್ಲಿ ಎರಡು ಸವಣೂರು ಇವೆ. ಹೆಸರು ಬದಲಿಸಿಕೋ ಎಂದು ಯಾವ ಊರಿಗೂ ಯಾರೂ ಹೇಳಲಿಲ್ಲ. ಊರಿಗೆ ಸಿಕ್ಕ ಮರ್ಯಾದೆ ಸೊಸೆಗೆ ಸಿಗಲಿಲ್ಲ.

ನಾನು ಹೊರಗೆ ಬಂದು, "ರಾಜೀವಿ ಇದ್ದಾಳೆ, ಕೊಡಿ" ಎಂದೆ. ನಿಮ್ಮ ಮಗ, "ಎಂತ ನಳಿನಿ ಇದು?" ಎಂದರು. ತಿರುಗಿಯೂ ನೋಡಲಿಲ್ಲ ನಾನು. ಇನ್ನು ಆ ಹೆಸರಿಗೆ ಓಗೊಡುವುದೂ ಇಲ್ಲ.

ಒಂದು ಮಾತು ಮಾತ್ರ ಉಳಿದಿದೆ. ಕೊನೆಯ ದಿನ ನೀವು ಮಲಗಿದ್ದಲ್ಲಿಂದ, "ರಾಜೀವಿ, ರಾಜೀವಿ" ಎನ್ನುತ್ತಿದ್ದಿರಿ. ಪಾಪ, ತಮ್ಮ ಹೆಸರನ್ನೇ ಹೇಳಿಕೊಳ್ಳುತ್ತಿದ್ದಾರೆ ಎಂದು ಎಲ್ಲರೂ ಅಂದರು. ನಾನು ಅಡುಗೆಮನೆಯಲ್ಲೇ ಇದ್ದೆ.

ಕರೆದದ್ದು ಯಾರನ್ನು, ಅತ್ತೆ?

ರಾಜೀವಿ