ಸ್ಟ್ಯಾನ್‌ಫಿಲ್‌ನ ಸಾವಿರನೇ ಗೆಲುವು

ಏಪ್ರಿಲ್ 29, ಮಂಗಳವಾರ

ಚೆಂಡೆಸೆಯುವ ಪಿಚರ್ ನಿಲ್ಲುವ ದಿಬ್ಬಕ್ಕೆ ಮಣ್ಣು ಒತ್ತಿಸಿದ್ದಾಯಿತು. ಚೆಂಡಿನ ಬಕೆಟ್‌ಗಳು ಒಳಗೆ. ಹೆಡ್ ಕೋಚ್ ಬರ್ಲ್ ಸ್ಟ್ಯಾನ್‌ಫಿಲ್ ಹತ್ತಕ್ಕೆ ಬಂದ. ಕೈಯಲ್ಲಿ ಬೇಯಿಸಿದ ಕಡಲೆಕಾಯಿಯ ಪೊಟ್ಟಣ. ಸಿಪ್ಪೆಯೆಲ್ಲ ಆಟಗಾರರು ಕೂರುವ, ನಾನು ಆಗಷ್ಟೇ ಗುಡಿಸಿದ ಡಗೌಟ್‌ನಲ್ಲಿ. ಕಾಲೇಜು ಬೇಸ್‌ಬಾಲ್‌ನ ಮಹಾಗುರುವಲ್ಲವೇ. ಮಿಸಿಸಿಪ್ಪಿಯ ಈ ಮೂಲೆಯಲ್ಲಿ ಅವನನ್ನು ಬೈದವನಿಗೆ ಚರ್ಚಿನಲ್ಲೂ ಜಾಗ ಬಿಡುವುದಿಲ್ಲ.

999 ಗೆಲುವು. ಇನ್ನೊಂದಾದರೆ ಸಾವಿರ. ಮೈದಾನಕ್ಕೆ ಅವನ ಹೆಸರು. ಅಂಗಿಗಳು ಆಗಲೇ ಅಚ್ಚಾಗಿವೆ — ಅವನ ಮೋರೆ, ಕೆಳಗೆ 1000. ನನಗೂ ಒಂದು ಎಸೆದ.

"ಸಾವಿರ ಆಗ್ಲಿ ವೆಂಡೆಲ್. ಆಮೇಲೆ ಈ ಕುರ್ಚಿ ನಿಂದೇ ಕಣಯ್ಯಾ."

ಒಂಬೈನೂರಾದಾಗಲೂ ಇದೇ ಮಾತು. ಹದಿನಾಲ್ಕು ವರ್ಷದಿಂದ ಅವನ ಕೈಕೆಳಗೆ ಪಿಚರ್‌ಗಳನ್ನು ತಯಾರು ಮಾಡುತ್ತಿದ್ದೇನೆ. ಹದಿನಾಲ್ಕು ವರ್ಷವೂ ಮೂಗಿಗೆ ತುಪ್ಪ ಸವರಿದ್ದೇ ಬಂತು.

ಏಪ್ರಿಲ್ 30

ಡಾಲ್ಟನ್ ಮೀಕ್ಸ್ ಇವತ್ತು ಲಾಕರ್ ಕೋಣೆಯ ಬಾಗಿಲನ್ನು ಎಡಗೈಯಲ್ಲಿ ತೆಗೆದ. ನಮ್ಮಲ್ಲಿರುವ ಅತ್ಯುತ್ತಮ ಪಿಚರ್. ಎಸೆಯುವುದು ಬಲಗೈಯಲ್ಲಿ. ಪಕ್ಕಕ್ಕೆ ಕರೆದೆ.

"ಮೊಣಕೈ ಹೇಗಿದೆ?"

"ಚೆನ್ನಾಗಿದೆ ಕೋಚ್."

"ನನ್ ಹತ್ರ ಸುಳ್ಳು ಬೇಡ."

"ದೊಡ್ಡ ಟೀಮಿನೋರು ಆರಿಸ್ಕೊಳ್ಳೋವರೆಗೂ ಚೆನ್ನಾಗೇ ಇರ್ಬೇಕು. ಬಿಡಿ."

ಸ್ಟ್ಯಾನ್‌ಫಿಲ್‌ಗೆ ಹೇಳಿದೆ. ಕಡಲೆಕಾಯಿ ಬಿಡಿಸುವುದನ್ನೂ ನಿಲ್ಲಿಸಲಿಲ್ಲ. "ನೋವಿರೋದು ಮೊಣಕೈನಲ್ಲಲ್ಲ, ನಿನ್ನ ತಲೇಲಿ. ಶುಕ್ರವಾರ ಅವನೇ ಎಸೀತಾನೆ. ಮುಗಿಯೋವರೆಗೂ."

ಕಂಡವರ ಮಕ್ಕಳನ್ನು ಬಾವಿಗೆ ತಳ್ಳಿ ಆಳ ನೋಡುವುದು ಎಂದರೆ ಇದೇ.

ಮೇ 2, ಶುಕ್ರವಾರ

ಮಾಡಿಬಿಟ್ಟೆ.

ಒಂಬತ್ತರಲ್ಲಿ ಎಂಟನೇ ಇನ್ನಿಂಗ್ಸ್. ನಾವು ಒಂದು ರನ್ ಮುಂದೆ. ಮೀಕ್ಸ್ ನೂರಿಪ್ಪತ್ತು ಎಸೆತ ದಾಟಿದ್ದ. ಕಿವಿಯ ಮೇಲಿಂದ ಬರಬೇಕಾದ ಕೈ ಭುಜದ ಮಟ್ಟಕ್ಕೆ ಇಳಿದಿತ್ತು. ಸ್ಟ್ಯಾನ್‌ಫಿಲ್ ನನ್ನನ್ನು ದಿಬ್ಬಕ್ಕೆ ಕಳಿಸಿದ — ಸ್ವಲ್ಪ ಉಸಿರು ಎಳೆದುಕೊಳ್ಳಲಿ, ಅಷ್ಟೇ. ಹೋದೆ. ಹುಡುಗ ನನಗೆ ಕಾಣದಂತೆ ಬಲಗೈಯನ್ನು ಗ್ಲೌಸಿನೊಳಗೆ ಮುಚ್ಚಿಟ್ಟುಕೊಂಡ. "ಇಳಿಸ್ಬೇಡಿ ಕೋಚ್."

ಡಗೌಟ್‌ಗೆ ವಾಪಸ್ ಬಂದು ಹೇಳಿದೆ: "ಅವನ ಕೈ ಮುಗೀತು ಬರ್ಲ್. ಬೇರೆಯವನನ್ನ ಹಾಕು."

"ತೆಪ್ಪಗೆ ಕೂತ್ಕೊ."

ಇನ್ನೊಂದು ಎಸೆತ. ಮೀಕ್ಸ್ ಆಚೆ ತಿರುಗಿ ತುಟಿ ಕಚ್ಚಿದ.

ಒಂದೇ ಇನ್ನಿಂಗ್ಸ್‌ನಲ್ಲಿ ಕೋಚ್ ಎರಡನೇ ಸಲ ದಿಬ್ಬಕ್ಕೆ ಹೋದರೆ ಪಿಚರ್ ಇಳಿಯಲೇಬೇಕು. ನಿಯಮ. ಅದನ್ನು ಮರೆತು ಹೆಜ್ಜೆಯಿಟ್ಟ ಕೋಚ್‌ನನ್ನು ನೋಡಿ ಊರೇ ನಗುತ್ತದೆ. ನಾನು ಮರೆತಿರಲಿಲ್ಲ. ಎದ್ದೆ. ಬಿಳಿ ಗೆರೆ ದಾಟಿದೆ. ಹಿಂದಿನಿಂದ ಸ್ಟ್ಯಾನ್‌ಫಿಲ್ ಅರಚುವುದು ಕೇಳಿಸಿತು. ತಿರುಗಲಿಲ್ಲ.

ಅಂಪೈರ್ ಅಡ್ಡ ಬಂದ. "ಇದು ಎರಡನೇ ಸಲ ವೆಂಡೆಲ್. ಗೊತ್ತು ತಾನೆ?"

"ಗೊತ್ತು."

"ಹಾಗಾದ್ರೆ ಹುಡುಗ ಇಳೀಬೇಕು."

ಮೀಕ್ಸ್ ಚೆಂಡನ್ನು ನನ್ನ ಎದೆಗೆ ಒತ್ತಿದ. "ನಿಮ್ಮಿಬ್ಬರ ಜಗಳಕ್ಕೆ ನಾನೇ ಬೇಕಿತ್ತಾ?"

ಬದಲಿ ಪಿಚರ್ ಎರಡು ರನ್ ಕೊಟ್ಟ. ಸೋತೆವು. ಸ್ಟ್ಯಾನ್‌ಫಿಲ್‌ನ ಮುಖ ಕಪ್ಪಿಟ್ಟಿದ್ದು ನೋಡಿ ಹೊಟ್ಟೆ ತಣ್ಣಗಾಯಿತು. ಕೈ ಉಳಿಯಿತಲ್ಲ ಎನ್ನುವ ಸಮಾಧಾನ ಹೆಚ್ಚೋ, ಈ ತಂಪು ಹೆಚ್ಚೋ... ಹುಡುಗ ಕೇಳಿದ್ದು ಸರಿಯಾಗಿಯೇ ಇದೆ.

ಮೇ 3

ಮೈದಾನದ ಬೀಗದ ಕೈ ವಾಪಸ್ ತೆಗೆದುಕೊಂಡರು. ಪೇಪರಿನಲ್ಲಿ ಸ್ಟ್ಯಾನ್‌ಫಿಲ್‌ನ ಹೇಳಿಕೆ: "ಪಾಪ, ವೆಂಡೆಲ್‌ಗೆ ಲೆಕ್ಕ ತಪ್ಪಿತು. ವಯಸ್ಸಾಯಿತು. ಸ್ವಲ್ಪ ವಿಶ್ರಾಂತಿ ಕೊಟ್ಟಿದ್ದೇವೆ." ಅವನಿಗಿಂತ ಒಂಬತ್ತು ವರ್ಷ ಚಿಕ್ಕವನು ನಾನು.

ಹೆಂಡತಿ ಡಾರ್ಲಾ ಪೇಪರು ಮಡಿಸಿಟ್ಟಳು. "ಮದುವೆಯಾದ ಮೇಲೆ ನೀನು ಮಾಡಿದ ಒಂದೇ ಒಳ್ಳೆ ಕೆಲ್ಸ ಇದು." ಬೆಕ್ಕುಮೀನು ಹುರಿದಳು. ರೇಡಿಯೋದಲ್ಲಿ ಇವತ್ತಿನ ಆಟ ಹಾಕಿಕೊಂಡು ತಿಂದೆವು. ಇವತ್ತೂ ಸೋತರು. ಎರಡನೇ ಸಲ ಬಡಿಸಿಕೊಂಡೆ.

ಮೇ 6, ಮಂಗಳವಾರ. ಮಧ್ಯಾಹ್ನ

ಎರಡು ದಿನ ಬರೆಯಲಾಗಲಿಲ್ಲ.

ಭಾನುವಾರ ಟಿಕೆಟ್ ಕೊಂಡು ಹೋದೆ. ಬೇಲಿಯ ಪಕ್ಕ ಕೂತೆ. ಕೊನೆಯ ಇನ್ನಿಂಗ್ಸ್, ಮತ್ತೆ ಒಂದು ರನ್ ಮುಂದೆ. ಡಗೌಟ್‌ನಿಂದ ಹೊರಬಂದವನು ಮೀಕ್ಸ್. ಒಂದೇ ಒಂದು ದಿನದ ಬಿಡುವಿನ ಮೇಲೆ! ಜನ ಎದ್ದು ನಿಂತು ಚಪ್ಪಾಳೆ. ನಾನು ಬೇಡ ಬೇಡ ಎಂದು ಅರಚಿದೆ. ಹಿಂದಿನ ಸಾಲಿನ ಮುದುಕಿ, ಸ್ಟ್ಯಾನ್‌ಫಿಲ್‌ನ ಮೋರೆಯಿದ್ದ ಅಂಗಿ ತೊಟ್ಟವಳು, ನನ್ನ ಬೆನ್ನಿಗೆ ತಿವಿದಳು. "ಕೆಟ್ಟದ್ದು ಬಯಸೋಕೆ ಬಂದ್ಯಾ? ಕೂತ್ಕೊ."

ಕೊನೆಯ ಎಸೆತ. ಔಟ್. ಸಾವಿರ. ಎಲ್ಲರೂ ತಲೆಯ ಮೇಲೆ ಸುರಿಯಲು ನೀರಿನ ಡ್ರಮ್ ಎತ್ತಿಕೊಂಡು ಸ್ಟ್ಯಾನ್‌ಫಿಲ್‌ನ ಕಡೆ ಓಡಿದರು. ದಿಬ್ಬದ ಮೇಲೆ ಮೀಕ್ಸ್ ಒಬ್ಬನೇ. ಬಲಗೈಯನ್ನು ಎಡಗೈಯಲ್ಲಿ ಎತ್ತಿ ಹಿಡಿದಿದ್ದ. ಬೇಲಿ ಹತ್ತಿ ಇಳಿದೆ. ಪ್ಯಾಂಟು ಹರಿಯಿತು.

"ಟಪ್ ಅಂತು ಕೋಚ್. ನಿಮಗೆ ಕೇಳಿಸ್ತಾ?"

ಕೇಳಿಸಿರಲಿಲ್ಲ. ಅಷ್ಟು ಗದ್ದಲ.

ನಿನ್ನೆ ಡಾಕ್ಟರು ಹೇಳಿದ್ದು: ಮೊಣಕೈಯ ಲಿಗಮೆಂಟ್ ಪೂರ್ತಿ ಹರಿದಿದೆ. ಆಪರೇಷನ್. ಮತ್ತೆ ಎಸೆಯಲು ಒಂದೂವರೆ ವರ್ಷ, ಅದೂ ಅದೃಷ್ಟವಿದ್ದರೆ. ಈ ಬೇಸಿಗೆಗೆ ಯಾವ ದೊಡ್ಡ ಟೀಮೂ ಅವನನ್ನು ಮುಟ್ಟುವುದಿಲ್ಲ.

ಈಗಷ್ಟೇ ಸ್ಟ್ಯಾನ್‌ಫಿಲ್‌ನ ಫೋನ್.

"ಆದದ್ದಾಯ್ತು ಬಿಡಯ್ಯಾ. ಟೂರ್ನಮೆಂಟ್ ಹತ್ರ ಬಂತು, ಮೀಕ್ಸ್ ಇಲ್ಲ. ಎಡಗೈಲಿ ಎಸೆಯೋ ಆ ಇನ್ನೊಬ್ಬ ಹುಡುಗನ್ನ ತಯಾರು ಮಾಡೋದು ನಿನ್ ಕೈಲೇ ಆಗೋದು. ಜುಲೈಗೆ ನಾನು ಬಿಡ್ತೀನಿ. ಕುರ್ಚಿ ನಿಂಗೆ ಅಂತ ಮೇಲಿನೋರಿಗೂ ಹೇಳಾಗಿದೆ. ಈ ಸಲ ನಿಜ."

ಎದುರಿಗೆ ಡಾರ್ಲಾ. ಬೇಡ ಎಂದು ತಲೆಯಾಡಿಸಿದಳು. ಹದಿನಾಲ್ಕು ವರ್ಷದ ಬೈಗುಳ ನಾಲಿಗೆಯ ತುದಿಯಲ್ಲೇ ಇತ್ತು. ಬಾಯಿ ತೆರೆದೆ.

"ನಾಳೆ ಎಷ್ಟು ಗಂಟೆಗೆ ಬರ್ಲಿ ಕೋಚ್?"

ಡಾರ್ಲಾ ಎದ್ದು ಒಳಗೆ ಹೋದಳು. ಸಂಜೆ ಮೀಕ್ಸ್‌ನನ್ನು ನೋಡಲು ಬರುತ್ತೇನೆ ಎಂದಿದ್ದೆ. ಅವನಿಗೆ ಏನಂತ ಹೇಳಲಿ?