ದಫ್ತರ ಕೋಣೆಯ ಬಡಗಣ ಗೋಡೆ

೧೨ ಜುಲೈ ೧೯೪೮, ಸೋಮವಾರ, ಬೆಳಿಗ್ಗೆ

ಸೋಮವಾರದ ಒಪ್ಪತ್ತು. ಲಿಂಗಪೂಜೆ ಆಯಿತು, ಒಂದು ಬಟ್ಟಲು ಮಜ್ಜಿಗೆ ಆಯಿತು. ಇನ್ನು ಸಂಜೆಗೇ. ಕಚೇರಿಯ ಪಡಸಾಲೆ ಗುಡಿಸಿ ಸಾರಿಸಿದೆ. ದಫ್ತರ ಕೋಣೆಯಲ್ಲಿ ಹಳೆಯ ಬೇವಿನ ಸೊಪ್ಪು ತೆಗೆದು ಹೊಸದು ಇಟ್ಟೆ, ಲೋಬಾನದ ಹೊಗೆ ಹಾಕಿದೆ. ಇಲಿಯ ಬೋನು ಖಾಲಿ. ಬೆಕ್ಕು ಕಿಟಕಿಯಲ್ಲಿ ಮಲಗಿತ್ತು, ತಾನೇ ಜಾಗೀರದಾರ ಎನ್ನುವ ಹಾಗೆ.

ನಮ್ಮವರು ಈ ಜಾಗೀರ ಕಚೇರಿಯ ಚಪರಾಸಿ ಆಗಿದ್ದರು. ಅವರು ಲಿಂಗೈಕ್ಯರಾದ ಮೇಲೆ ಕಾಗದ ಕಾಯುವ ಕೆಲಸ ನನ್ನ ಪಾಲಿಗೆ ಬಂತು. ಹುಳ ಹತ್ತಬಾರದು, ಇಲಿ ಸೇರಬಾರದು, ಒಳಗೆ ಯಾರೂ ಕೂತು ರೊಟ್ಟಿ ತಿನ್ನಬಾರದು. ಕಪಾಟು ಗೋಡೆಗೆ ತಾಗಬಾರದು, ನಡುವೆ ಕೈ ಹೋಗುವಷ್ಟು ಸಂದು ಬೇಕು. ಇದಕ್ಕೆಂದೇ ಹಿತ್ತಲ ಕೋಣೆಯಲ್ಲಿ ಇರಲು ಬಿಟ್ಟಿದ್ದಾರೆ.

ಇಂದು ಆ ಸಂದಿನಲ್ಲಿ ಕೈ ಹಾಕಿದೆ. ಬೆರಳಿಗೆ ಹಸಿ ಮಣ್ಣು ಹತ್ತಿತು. ಬಡಗಣ ಗೋಡೆಯ ಬುಡದಿಂದ ಮಣ್ಣಿನ ಗೆರೆ ಮೇಲಕ್ಕೆ ಏರಿದೆ. ಗೆದ್ದಲು! ಒಂದು ಕಾಗದದ ಗಂಟು ಎತ್ತಿದೆ — ಅರಳೆಯ ದಿಂಬಿನಷ್ಟು ಹಗುರ. ಮೇಲಿನ ಕೆಂಪು ಬಟ್ಟೆ ಇದ್ದ ಹಾಗೇ ಇದೆ. ಒಳಗೆ ಕಾಗದವೇ ಇಲ್ಲ…

ಇಷ್ಟು ವರ್ಷ ಬಾರದ್ದು ಈಗ ಯಾಕೆ ಬಂತು? ತಾನಾಗಿ ಬಂತೋ, ಯಾರಾದರೂ ಹುಳ ಹತ್ತಿದ ಕಟ್ಟಿಗೆ ತಂದು ಇಟ್ಟರೋ? ಯುಗಾದಿಯಿಂದ ಈಚೆಗೆ ಕಚೇರಿಗೆ ಬಂದ ಹೊಸಬ ಒಬ್ಬನೇ. ಚಪರಾಸಿ ಮೌಲಾಲಿ.

೧೪ ಜುಲೈ, ಬುಧವಾರ

ಪೇಶಕಾರ ದತ್ತಾತ್ರೇಯರಾಯರಿಗೆ ಹೇಳಲೇಬೇಕಾಯಿತು. ಇಲ್ಲಿ ಜಾಗೀರದಾರರ ಪರವಾಗಿ ಎಲ್ಲ ನೋಡುವವರು ಅವರೇ. ಹಗುರಾದ ಗಂಟನ್ನು ಕೈಯಲ್ಲಿ ತೂಗಿ ನೋಡಿದರು.

"ಏನ್ ನಿಂಬೆವ್ವ, ಹುಳ ಬರಬಾರದಂತ ಬೇವಿನ ಸೊಪ್ಪು ಇಡ್ತೀಯೋ, ಬರ್ರಿ ಅಂತ ತೋರಣ ಕಟ್ತೀಯೋ?"

"ಸೊಪ್ಪು ಇಟ್ಟೇನ್ರಿ ರಾಯರ, ಹೊಗೀನೂ ಹಾಕೇನ್ರಿ. ಇದು ಹೊರಗಿಂದ ಬಂದದ್ದು."

"ಹೊರಗಿಂದ ಅಂದ್ರ? ಯಾರೋ ತಂದು ಬಿಟ್ಟಾರ ಅಂತೀಯೇನು?"

ಅವರು ನನ್ನ ಮುಖವನ್ನೇ ನೋಡುತ್ತಿದ್ದರು.

"ನೋಡು, ಮ್ಯಾಲಿನವರು ಕೇಳಿದ್ರ ನಾ ಒಬ್ಬರ ಹೆಸರು ಹೇಳಬೇಕಾಗ್ತದ. ನಿಂದರ ಹೇಳಬೇಕು, ಇನ್ನೊಬ್ಬರದರ ಹೇಳಬೇಕು."

ಯಾರದು ಎಂದು ಆಗಲೇ ಮನಸ್ಸಿನಲ್ಲಿ ಇಟ್ಟುಕೊಂಡಿದ್ದಾರೆಯೇ? ರಾಯರನ್ನೂ ಪೂರಾ ನಂಬುವ ಹಾಗಿಲ್ಲ.

೧೮ ಜುಲೈ, ರವಿವಾರ

ರೋಜಾ ಬಿಡುವ ಹೊತ್ತಿಗೆ ಸ್ವಲ್ಪ ಮುಂಚೆ ಮೌಲಾಲಿ ದಫ್ತರ ಕೋಣೆಯ ಹಿಂದೆ ಹೋದ. ರುಮಾಲಿನಲ್ಲಿ ಏನೋ ಮುಚ್ಚಿಕೊಂಡಿದ್ದ.

"ಏನೋ ಮೌಲಾಲಿ, ರುಮಾಲಿನಾಗ ಏನದ?"

"ವಜೂಕ್ಕ ನೀರ್ರಿ ಅವ್ವಾ, ನಮಾಜಿಗೆ ಮದ್ಲ ಕೈಕಾಲು ತೊಳ್ಯಾಕ."

"ವಜೂ ಗ್ವಾಡಿ ಹಿಂದ ಮಾಡ್ತಾರೇನಲೇ? ಬಾವಿ ಈ ಕಡಿ ಅದ."

ನಕ್ಕ. "ನಿಮ್ಮ ಕಣ್ಣು ಅದಾವಲ್ರಿ, ಇಲಿ ಬೋನಿಗಿಂತ ಜೋರು. ಸಿಕ್ಕಿದ್ರ ಬಿಡಂಗಿಲ್ಲ."

ನಗೆಗೆ ನಾನೂ ನಗುತ್ತಿದ್ದೆನೇನೋ. ಆದರೆ ಅವನು ಹೋದ ಮೇಲೂ ಗಾಳಿಯಲ್ಲಿ ವಾಸನೆ ಉಳಿದಿತ್ತು. ಚಿಮಣಿ ಎಣ್ಣೆ! ನಾಕಾಬಂದಿ ಆದಾಗಿನಿಂದ ಸೊಲ್ಲಾಪುರದ ಕಡೆಯಿಂದ ಉಪ್ಪೂ ಬರುತ್ತಿಲ್ಲ, ಎಣ್ಣೆಯೂ ಬರುತ್ತಿಲ್ಲ. ಅಫಜಲಪುರದ ಸಂತೆಯಲ್ಲಿ ಉಪ್ಪನ್ನು ಬಂಗಾರದ ಹಾಗೆ ಸೆರಗಿನ ಕೆಳಗೆ ಮಾರುತ್ತಾರೆ. ನಾನು ಔಡಲೆಣ್ಣೆಯ ಹಣತೆಯಲ್ಲಿ ಇದನ್ನು ಬರೆಯುತ್ತಿದ್ದೇನೆ. ಚಪರಾಸಿಗೆ ಎಲ್ಲಿಯ ಎಣ್ಣೆ? ಯಾರು ಕೊಟ್ಟರು? ಯಾತಕ್ಕೆ ಕೊಟ್ಟರು?

೧೯ ಜುಲೈ, ಸೋಮವಾರ

ಒಪ್ಪತ್ತು. ಬೆಳಕು ಹರಿಯುತ್ತಲೇ ಗೋಡೆಯ ಹಿಂದೆ ಹೋಗಿ ನೋಡಿದೆ. ಗೋಡೆಯ ಬುಡದಲ್ಲಿ ನೆಲ ಅಗೆದು ಮತ್ತೆ ಮುಚ್ಚಿದ್ದಾರೆ. ಮಣ್ಣು ಹಿಡಿದು ಮೂಸಿದೆ. ಎಣ್ಣೆ ಕುಡಿದ ಮಣ್ಣು.

ಒಳಗೆ ಕಾಗದ, ಕಾಗದದ ಕೆಳಗೆ ಒಣ ಸೊಪ್ಪು, ಹೊರಗೆ ಎಣ್ಣೆ. ಒಂದು ಕಡ್ಡಿ ಗೀರಿದರೆ ಸಾಕು. ಜೇವರ್ಗಿಯ ಕಡೆ ಊರು ಸುಟ್ಟರು ಎಂದು ಒಬ್ಬರು ಹೇಳುತ್ತಾರೆ, ಆಳಂದದ ಗಡಿಯಲ್ಲಿ ನಾಕಾ ಸುಟ್ಟರು ಎಂದು ಇನ್ನೊಬ್ಬರು. ರಜಾಕಾರರು ಯಾರು, ಅವರ ವೈರಿಗಳು ಯಾರು, ಮುಖ ನೋಡಿದರೆ ತಿಳಿಯುವುದಿಲ್ಲ. ಇಂಥ ಕಾಲದಲ್ಲಿ ಸುಮ್ಮನಿರುವುದು ಪಾಪ.

ರಾಯರಿಗೆ ಹೇಳಿದೆ.

೨೧ ಜುಲೈ, ಬುಧವಾರ

ಸಂಜೆ ಮೌಲಾಲಿಯನ್ನು ಹಿಡಿದರು. ಕೈಯಲ್ಲಿ ಎಣ್ಣೆಯ ತಂಬಿಗೆ ಇತ್ತು.

ರಾಯರು ಎಷ್ಟು ಕೇಳಿದರೂ ಒಂದೇ ಮಾತು. "ಬೆಂಕಿ ಹಚ್ಚಾಂವ ನಾ ಅಲ್ರಿ ಸಾಹೇಬ್ರ." ಮತ್ತೇಕೆ ಎಣ್ಣೆ ಎಂದು ಕೇಳಿದರು. ನನ್ನ ಕಡೆ ಒಮ್ಮೆ ನೋಡಿದ, ನೆಲ ನೋಡಿದ.

ಕಚೇರಿಯ ಕತ್ತಲ ಕೋಣೆಯಲ್ಲಿ ಹಾಕಿ ಕೀಲಿ ಜಡಿದಿದ್ದಾರೆ. ಈದ ಮುಗಿದ ಮೇಲೆ ಮಂಗಳವಾರದ ಗಾಡಿಯಲ್ಲಿ ಜೇವರ್ಗಿಯ ಠಾಣೆಗೆ. ಈ ದಿನಗಳಲ್ಲಿ ಬೆಂಕಿಯ ಆಪಾದನೆ ಹೊತ್ತು ಠಾಣೆಗೆ ಹೋದವನು ತಿರುಗಿ ಬಂದದ್ದು ನಾನು ಕೇಳಿಲ್ಲ.

ಕಾಗದ ಉಳಿಯಿತು. ಅಷ್ಟು ಸಾಕು.

೩೦ ಜುಲೈ, ಶುಕ್ರವಾರ

ಸಾಕಾಗಲಿಲ್ಲ. ಕಳ್ಳ ಒಳಗಿದ್ದಾನೆ, ಗೆದ್ದಲು ಹೊರಗೆ ಓಡಾಡುತ್ತಿದೆ. ಒಂದು ಗೆರೆ ಇದ್ದದ್ದು ಈಗ ಬೇರು ಬಿಟ್ಟ ಹಾಗೆ ಗೋಡೆಯ ತುಂಬ. ಪಕ್ಕದ ಕಪಾಟಿಗೂ ಹತ್ತಿದೆ. ಕೆರೆದು ಹಾಕುತ್ತೇನೆ, ಸುಣ್ಣ ಬಳಿಯುತ್ತೇನೆ, ಮರುದಿನ ಮತ್ತೆ ಹಸಿ ಮಣ್ಣು.

ಮೌಲಾಲಿಯ ಹೆಂಡತಿ ಹಜರಾಬಿ ದಿನಾ ಸಂಜೆ ಅವನಿಗೆ ರೊಟ್ಟಿ ತರುತ್ತಾಳೆ. ಗಂಡ ಬಿಟ್ಟ ಕೆಲಸ ಇವಳು ಮಾಡುತ್ತಿರಬಹುದೇ? ಇಂದು ಅವಳ ಬುಟ್ಟಿಯಲ್ಲಿ ಕೈ ಹಾಕಿ ನೋಡಿದೆ. ರೊಟ್ಟಿ, ಉಳ್ಳಾಗಡ್ಡಿ, ಒಂದಿಷ್ಟು ಖಜೂರ. ಅವಳು ಬುಟ್ಟಿ ಎಳೆದುಕೊಳ್ಳಲಿಲ್ಲ. ನಾನು ನೋಡಿ ಮುಗಿಸುವ ತನಕ ಹಿಡಿದುಕೊಂಡೇ ನಿಂತಿದ್ದಳು.

೨ ಆಗಸ್ಟ್, ಸೋಮವಾರ

ಜರಡಿ ಕೇಳುವ ನೆಪ ಮಾಡಿ ಹಜರಾಬಿಯ ಮನೆಗೆ ಹೋದೆ. ಖರೆ ಎಂದರೆ ಎಣ್ಣೆಯ ಡಬ್ಬಿ ಎಲ್ಲಿದೆ ನೋಡಲು ಹೋದದ್ದು. ಹೊತ್ತು ಮುಳುಗಿತ್ತು. ಕತ್ತಲಲ್ಲೇ ಕೂತು ರೋಜಾ ಬಿಡುತ್ತಿದ್ದಳು.

"ದೀಪ ಯಾಕ ಹಚ್ಚಿಲ್ಲ ಬೇ?"

"ಎಣ್ಣಿ ಎಲ್ಲಿಂದು ಅಕ್ಕಾ? ನಮ್ಮ ಪಾಲಿಗೆ ಕೊಟ್ಟ ಎಣ್ಣಿ ಅಷ್ಟೂ ನಿಮ್ಮ ಗ್ವಾಡಿ ಕುಡೀತು."

"ಅಂದ್ರ?"

"ನಿಮ್ಮ ಕಚೇರಿ ಹಿಂದ ಹುತ್ತ ಅದಲ್ಲ, ಗೆದ್ದಲು ಅಲ್ಲಿಂದ ಬರ್ತಾವ. ಅಂವ ಕಣ್ಣಾರೆ ನೋಡ್ಯಾನ. ಹುತ್ತಿಗೂ ಗ್ವಾಡಿಗೂ ನಡುವ ತೋಡಿ ಎಣ್ಣಿ ಸುರೀತಿದ್ದ. ದಾಟಿ ಬರಬಾರದಂತ."

"ನನಗೊಂದು ಮಾತು ಹೇಳಬಾರದಿತ್ತೇನ?"

ಹಜರಾಬಿ ನಕ್ಕಳು. ಆ ನಗೆ ನನಗೆ ಬೇಡವಾಗಿತ್ತು.

"ಹೇಳಿದ್ರ ಏನ್ ಮಾಡ್ತಿದ್ರಿ ಅಕ್ಕಾ? ಸಾಬರಾಂವ ನಾಗಪ್ಪನ ಕಡಿ ಬೆರಳು ತೋರಿಸ್ಯಾನ ಅಂತ ಊರಿಗೆ ಊರೇ ಎದ್ದು ನಿಂದರತಿತ್ತು. ಅದೂ ಈ ವರ್ಷ. ಬೆಂಕಿ ಹಚ್ಚಾಕ ಬಂದಿದ್ದ ಅಂದ್ರ ಅವನೊಬ್ಬನ ಜೀವ ಹೋಗ್ತದ. ಹುತ್ತಿನ ಹೆಸರು ಎತ್ತಿದ್ರ ನಮ್ಮ ಓಣಿನೇ ಹೋಗ್ತದ."

ಜರಡಿ ಕೇಳುವುದು ಮರೆತು ಬಂದೆ. ಗಂಡನನ್ನು ಬಿಡಿಸಲು ಕಟ್ಟಿದ ಮಾತೂ ಇರಬಹುದು. ನಾಳೆ ನೋಡಬೇಕು.

೩ ಆಗಸ್ಟ್, ಮಂಗಳವಾರ

ನೋಡಿದೆ.

ಹುತ್ತ ನನ್ನದೇ ಎನ್ನಬೇಕು. ಮದುವೆಯಾಗಿ ಈ ಊರಿಗೆ ಬಂದಾಗಿನಿಂದ ಅದಕ್ಕೆ ಅರಿಶಿನ ಹಚ್ಚುವವಳು ನಾನು. ಚೌತಿ, ಪಂಚಮಿಗೆ ಊರಿನ ಹೆಂಗಸರೆಲ್ಲ ಹಾಲೆರೆಯಲು ಬರುವುದು ಇಲ್ಲಿಗೇ. ಕಳೆದ ಶ್ರಾವಣದಲ್ಲಿ ನಾಗಪ್ಪನಿಗೆ ಮಳೆ ಬಡಿಯುತ್ತದೆ ಎಂದು ಸಂಕಟಪಟ್ಟು ಒಂದು ಚಪ್ಪರ ಹಾಕಿಸಿದ್ದೆ. ಆ ಚಪ್ಪರದ ಎರಡು ಗೂಟ ಹುತ್ತದ ಬದಿಗೆ ಹುಗಿಸಿದೆ. ಮೇಲಿನ ಅಡ್ಡ ತೊಲೆಗಳ ತುದಿ ಕಚೇರಿಯ ಬಡಗಣ ಗೋಡೆಯೊಳಗೆ ಸೇರಿಸಿದೆ. ಗಟ್ಟಿ ಇರಲಿ ಎಂದು.

ಇಂದು ಆ ತೊಲೆಯನ್ನು ಕೋಲಿನಿಂದ ಬಡಿದೆ. ಟೊಳ್ಳು. ಇನ್ನೊಮ್ಮೆ ಬಡಿದರೆ ಮುರಿದು ಬಿತ್ತು, ಬಿಳಿ ಹುಳ ಅಕ್ಕಿ ಸುರಿದ ಹಾಗೆ ಸುರಿದವು. ಗೂಟವೂ ಹಾಗೇ, ಹುತ್ತದ ಕಡೆಯ ಬುಡವೂ ಹಾಗೇ. ಮೌಲಾಲಿ ನೆಲದಲ್ಲಿ ತೋಡಿ ಎಣ್ಣೆ ಹಾಕಿದ. ಕೆಳಗಿನ ದಾರಿ ತಡೆಯಿತು. ಮೇಲಿನ ದಾರಿ ಅವನಿಗೂ ಕಂಡಿರಲಿಲ್ಲ. ಅದನ್ನು ಹಾಕಿಕೊಟ್ಟವಳು ನಾನು.

ಕಪಾಟು ಗೋಡೆಗೆ ತಾಗಬಾರದು ಎಂದು ಲೋಕಕ್ಕೆಲ್ಲ ಹೇಳುವವಳು.

೫ ಆಗಸ್ಟ್, ಗುರುವಾರ

ರಾಯರನ್ನು ಕರೆದುಕೊಂಡು ಹೋಗಿ ತೋರಿಸಿದೆ. ದೂರದಲ್ಲೇ ನಿಂತರು.

"ಮೌಲಾಲಿನ ಬಿಡ್ರಿ ರಾಯರ. ತಪ್ಪು ನಂದು."

"ಬರೇ ನಿನ್ನ ಮಾತಿಗೆ ಬಿಟ್ರ ಜಾಗೀರದಾರರು ನನ್ನ ಕೊಳ್ಳ ಹಿಡೀತಾರ. ಚಪ್ಪರ ಮುರದದ್ದು ಯಾರೂ ನೋಡಿಲ್ಲ. ಹುತ್ತ ತಗದು, ಹುಳ ಇಲ್ಲಿಂದ ಗ್ವಾಡಿಗೆ ಹೋಗ್ಯಾವ ಅಂತ ನಾಲ್ಕು ಮಂದಿ ಮುಂದ ತೋರಿಸು. ಅವತ್ತೇ ಕೀಲಿ ತಗೀತೇನಿ."

"ಆಳು ಕೊಡ್ರಿ ಹಂಗಾದ್ರ."

"ಏ, ಅದರಾಗ ನನ್ನ ಎಳೀಬ್ಯಾಡ. ಸುಲಭಾ ಬಸುರಿ ಇದ್ದಾಳ. ಮನ್ಯಾಗ ಬಸುರಿ ಹೆಂಡತಿ ಇಟಗೊಂಡು ಹುತ್ತಿನ ತಂಟೆಕ್ಕ ಹೋಗ್ಲೇನು?"

ಹೆದರಿದ್ದಾರೋ, ನಾನು ಈ ಕೆಲಸ ಮಾಡಲಾರೆ ಎಂದು ತಿಳಿದೇ ಹೇಳಿದರೋ… ಹುತ್ತ ನಿಂತರೆ ಮೌಲಾಲಿ ಹೋಗುತ್ತಾನೆ. ರಾಯರಿಗೆ ಒಂದು ಹೆಸರು ಸಿಕ್ಕ ಹಾಗಾಗುತ್ತದೆ.

೬ ಆಗಸ್ಟ್, ಶುಕ್ರವಾರ

ಗುರುವಿನ ಅಪ್ಪಣೆ ಇಲ್ಲದೆ ಹುತ್ತಕ್ಕೆ ಕೈ ಹಚ್ಚುವುದು ನನ್ನಿಂದಾಗದು. ತವರೂರಿನ ಮಠದ ಅಜ್ಜನವರಿಗೆ ಚೀಟಿ ಬರೆದೆ. ನನಗೆ ಅಕ್ಷರ ತಿದ್ದಿಸಿದ್ದು ಅದೇ ಮಠದ ಜಗುಲಿಯಲ್ಲಿ. ಹುತ್ತದ ಮಣ್ಣನ್ನು ಪೂಜೆ ಮಾಡಿ ಹೊಳೆಯ ದಂಡೆಗೆ ಒಯ್ದು ಇಡುತ್ತೇನೆ, ಒಬ್ಬನ ಜೀವ ಉಳಿಯುತ್ತದೆ, ಆಗಬಹುದೇ? ಇಷ್ಟೇ.

ಗಾಡಿ ಹೊಡೆಯುವ ಲಾಡ್ಲೆಸಾಬನ ಕೈಯಲ್ಲಿ ಕೊಟ್ಟೆ. ಅವನಿಗೆ ಓದು ಬಾರದು. ಬರುವವರ ಕೈಯಲ್ಲಿ ಓದಿಸಿದರೆ? ನಾಲ್ಕು ಕಡೆ ಮಡಚಿ ಅರಗು ಹಾಕಿದೆ.

೭ ಆಗಸ್ಟ್, ಶನಿವಾರ

ಈದ. ಹಜರಾಬಿ ಸಾದಾ ರೊಟ್ಟಿಯನ್ನೇ ತಂದಳು. ಅವಳು ಹೋದ ಮೇಲೆ ನಾನು ಕತ್ತಲ ಕೋಣೆಯ ಕಿಂಡಿಗೆ ಹೋದೆ.

"ನನ್ನ ಮ್ಯಾಲ ಸಿಟ್ಟು ಅದ ಏನೋ ಮೌಲಾಲಿ?"

"ಅದರ್ರಿ ಅವ್ವಾ. ಆದ್ರ ಎಲ್ಲಿ ಇಡ್ಲಿ? ಈಟು ಜಾಗಾದಾಗ ನಾನೇ ಕಾಲು ಚಾಚಾಕ ಬರಂಗಿಲ್ಲ."

ನಗಬೇಕೋ ಅಳಬೇಕೋ. ಚಪ್ಪರದ ತೊಲೆಯ ಕಥೆ ಹೇಳಿದೆ.

"ಮ್ಯಾಲ ನೋಡ್ಲೇ ಇಲ್ಲ ನೋಡ್ರಿ ನಾ! ಎಣ್ಣಿ ಎಲ್ಲಾ ಹಾಳಾತು." ಆಮೇಲೆ ಕಿಂಡಿಗೆ ಬಾಯಿ ತಂದು, "ಒಂದು ಮಾತು ನಡಸ್ರಿ ಅವ್ವಾ. ಹುತ್ತ ತಗಿಯೂದಾದ್ರ ನಾ ಒಳಗ ಇರೂತನಾನೇ ತಗೀರಿ. ಕೀಲಿ ಹಾಕಿದ್ದು ಎಲ್ಲಾರೂ ನೋಡ್ಲಿ. ನಾ ಹೊರಗ ಬಂದ ಮ್ಯಾಲ ಅದು ಬಿತ್ತು ಅಂದ್ರ, ಯಾರು ಕೆಡವಿದ್ರೂ ಹೆಸರು ನಂದೇ."

೮ ಆಗಸ್ಟ್, ರವಿವಾರ

ಲಾಡ್ಲೆಸಾಬ ಬರಿಗೈಯಲ್ಲಿ ಬಂದ. ಅಜ್ಜನವರು ಅನುಷ್ಠಾನದಲ್ಲಿದ್ದರಂತೆ. ಅವರ ಶಿಷ್ಯ ಮರಿಸ್ವಾಮಿ ಚೀಟಿ ಒಡೆದು ಓದಿದನಂತೆ.

"ಓದಿ ಏನಂದ್ರು?"

"ಏನೂ ಅನ್ಲಿಲ್ರಿ. ಹುಬ್ಬು ಗಂಟ ಹಾಕಿದ್ರು. ಸೋಮವಾರ ಪೂಜಿ ಮುಗದ ಮ್ಯಾಲ ಅಜ್ಜಾರು ಉತ್ತರ ಬರದು ಕೊಡ್ತಾರ, ಬಂದು ಒಯ್ಯಿ ಅಂದ್ರು."

ಹುಬ್ಬು ಗಂಟು. ಮರಿಸ್ವಾಮಿ ಹೋಗಿ ಅಜ್ಜನವರ ಕಿವಿಯಲ್ಲಿ ಏನು ಹೇಳುತ್ತಾನೋ.

೯ ಆಗಸ್ಟ್, ಸೋಮವಾರ, ಬೆಳಿಗ್ಗೆ

ಶ್ರಾವಣ ಸೋಮವಾರ, ಮೇಲೆ ನಾಗರ ಚೌತಿ. ನೀರು ಬಿಟ್ಟು ಏನೂ ಇಲ್ಲ. ನಾಳೆ ಪಂಚಮಿ, ಯಾರೂ ನೆಲಕ್ಕೆ ಗುದ್ದಲಿ ಹಾಕುವಂತಿಲ್ಲ. ನಾಳೆ ಬೆಳಿಗ್ಗೆಯೇ ಜೇವರ್ಗಿಯ ಗಾಡಿ. ಏನಾದರೂ ಆಗುವುದಿದ್ದರೆ ಇಂದು, ಬಿಸಿಲು ಇಳಿಯುವುದರೊಳಗೆ.

ಅಜ್ಜನವರು ಆಗಲಿ ಎಂದರೆ ಎಲ್ಲ ಸಲೀಸು. ಬೇಡ ಎಂದರೆ? ಗುರುವಿನ ಅಕ್ಷರ ಕಣ್ಣಿಗೆ ಬಿದ್ದ ಮೇಲೆ ಮೀರುವ ಎದೆ ನನಗಿಲ್ಲ. ನನ್ನನ್ನು ನಾನು ಬಲ್ಲೆ. ಚೀಟಿಯನ್ನು ಹಣೆಗೆ ಒತ್ತಿಕೊಂಡು ಕೂತುಬಿಡುತ್ತೇನೆ, ಗಾಡಿ ಹೋಗಿಬಿಡುತ್ತದೆ.

ಹೆಂಗಸರು ಹಾಲು ಹಿಡಿದು ಬಂದು ನಿಂತಿದ್ದಾರೆ. ಎರೆಯಲಿ. ಎರೆದ ಮೇಲೆ ಅವರ ಮುಂದೆಯೇ ಕೈ ಮುಗಿದು ಹೇಳುತ್ತೇನೆ, ಮೊದಲ ಬುಟ್ಟಿ ಮಣ್ಣು ನಾನೇ ಹೊರುತ್ತೇನೆ. ರಾಯರನ್ನು ಪಡಸಾಲೆಯಲ್ಲಿ ಕೂಡಿಸಿದ್ದೇನೆ, ಕತ್ತಲ ಕೋಣೆಯ ಕೀಲಿ ಎಲ್ಲರಿಗೂ ಕಾಣುವ ಹಾಗೆ ಅವರ ಮುಂದೆ ಇದೆ. ಹಜರಾಬಿ ಬಾವಿಯ ಹತ್ತಿರ, ಆಚೆಯೇ ನಿಂತಿದ್ದಾಳೆ. ಬಾ ಎಂದರೂ ಬರಲಿಲ್ಲ. ಇನ್ನೂ ನಂಬಿಲ್ಲ ನನ್ನನ್ನು. ನಂಬದಿರಲಿ.

ಲಾಡ್ಲೆಸಾಬ ಗಾಡಿ ಹೂಡಿಕೊಂಡು ಬಂದ.

"ಮಠಕ್ಕ ಹೋಗಿ ನನ್ನ ಚೀಟಿಯ ಉತ್ತರ ತಗೊಂಡು ಬಾರಪ್ಪ" ಎಂದೆ.

"ಲಗೂನ ಹೊಡಕೊಂಡು ಬರ್ತೇನ್ರಿ. ಮಧ್ಯಾಹ್ನದಾಗ ನಿಮ್ಮ ಕೈಯಾಗ."

"ಬ್ಯಾಡೋ. ಘತ್ತರಗಿ ಮ್ಯಾಲ ಸುತ್ತು ಹಾಕಿ ಹೋಗು. ಅಲ್ಲಿ ದೇವಿ ಭಾಗ್ಯವಂತಿಗೆ ನನ್ನ ಹೆಸರಲೆ ಒಂದು ಕಾಯಿ ಒಡಿಸು, ಎತ್ತಿಗೆ ಹೊಳಿ ನೀರು ಕುಡಿಸು. ಉತ್ತರ ಮಾತ್ರ ತಪ್ಪದ ತಾ. ಆದ್ರ ಹೊತ್ತು ಮುಳುಗೂದರೊಳಗ ಬರಬ್ಯಾಡ."